ಪರದೇಶದ ಸಂಬಳ, ಮುಪ್ಪಿನ ಗಂಟು

ದುಬೈ, ಶಾರ್ಜಾಗಳ ಶಾಲೆಗಳಿಗೆ ಉಪಾಧ್ಯಾಯರಾಗಿ ಹೋಗುವವರು ನಮ್ಮಲ್ಲಿ ಅನೇಕರು. ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆಯಿಲ್ಲವೆಂಬುದು ನಿಜ. ಆದರೆ ಪರದೇಶೀಯರಿಗೆ ನಿವೃತ್ತಿ ವೇತನವೂ ಇಲ್ಲವೆಂಬುದನ್ನು ಹೊರಡುವ ಸಂಭ್ರಮದಲ್ಲಿ ಮರೆಯಬಾರದು.

ಖಾಸಗಿ ಶಾಲೆಯಲ್ಲಿ ವರ್ಷವೊಂದನ್ನಾದರೂ ಪೂರೈಸಿದವರಿಗೆ ಕೆಲಸ ಬಿಡುವಾಗ ಸಾಮಾನ್ಯವಾಗಿ ದೊರೆಯುವುದು ಗ್ರಾಚ್ಯುಯಿಟಿ ಎಂಬ ಇಡುಗಂಟು: ಮೊದಲ 5 ವರ್ಷಗಳಲ್ಲಿ ವರ್ಷಕ್ಕೆ 21 ದಿನಗಳ, ಅನಂತರ 30 ದಿನಗಳ ವೇತನ. ಈ ಲೆಕ್ಕಕ್ಕೆ ಹಿಡಿಯುವುದು ಮೂಲ ವೇತನವನ್ನು ಮಾತ್ರ. ಮನೆಬಾಡಿಗೆ ಮೊದಲಾದ ಭತ್ಯೆಗಳು ಸೇರವು. ತಿಂಗಳಿಗೆ 5,000 ದಿರ್ಹಮ್ ಪಡೆಯುವ ಇಬ್ಬರಲ್ಲಿ ಒಬ್ಬರ ಮೂಲ ವೇತನ 4,000, ಇನ್ನೊಬ್ಬರದು 3,000 ಎಂದಿಟ್ಟುಕೊಳ್ಳಿ. 5 ವರ್ಷಗಳ ಕೊನೆಗೆ ಒಬ್ಬರಿಗೆ 14,000, ಇನ್ನೊಬ್ಬರಿಗೆ 10,500! ದುಡಿಮೆ ಒಂದೇ, ವ್ಯತ್ಯಾಸವೆಲ್ಲ ಕರಾರು ಪತ್ರದ ಒಂದು ಸಾಲಿನಲ್ಲಿ. ಸಹಿ ಹಾಕುವ ಮುನ್ನ ಆ ಸಾಲನ್ನು ಓದಿರಿ.

ಇನ್ನು ತಿಂಗಳ ಉಳಿತಾಯ. ಊರಿಗೆ ಕಳುಹಿಸಿದ ಹಣ ತಮ್ಮನ ಶುಲ್ಕವಾಗಿ, ತಂಗಿಯ ಮದುವೆಯಾಗಿ ಕರಗುವುದು ಸಹಜ. ಆದುದರಿಂದ ಸಂಬಳ ಬಂದ ದಿನವೇ ಒಂದು ಪಾಲನ್ನು ತಮ್ಮ ಹೆಸರಿನ ಎನ್.ಆರ್.ಇ. ಖಾತೆಗೆ ಹಾಕಿ, ಮಿಕ್ಕುದನ್ನು ಮನೆಗೆ ಕಳುಹಿಸುವುದು ಲೇಸು. ಅನಿವಾಸಿಯಾಗಿರುವವರೆಗೆ ಆ ಖಾತೆಯ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆಯಿಲ್ಲ, ಎನ್.ಆರ್.ಓ. ಖಾತೆಯ ಬಡ್ಡಿಗೆ ಉಂಟು. ಮರಳಿ ಬಂದು ನೆಲಸಿದೊಡನೆ ಬ್ಯಾಂಕಿಗೆ ತಿಳಿಸಬೇಕು.

ಮನೆಯ ಹಿರಿಯರಿಗೂ ಒಂದು ಮಾತು. “ಈ ತಿಂಗಳು ಎಷ್ಟು ಕಳುಹಿಸಿದೆ?” ಎಂದು ಮಗಳನ್ನು ಕೇಳುವಾಗ, “ನಿನಗೆಂದು ಎಷ್ಟು ಇಟ್ಟುಕೊಂಡೆಯಮ್ಮ?” ಎಂದೂ ಕೇಳಿರಿ.