ವಾಗ್ದಾನದ ಕಾರ್ಡಿಗೆ ಬಾರದ ವಚನಗಳು

ಡಿಸೆಂಬರ್ 31ರ ರಾತ್ರಿ ನಮ್ಮ ಎಷ್ಟೋ ಸಭೆಗಳಲ್ಲಿ ಆರಾಧನೆ ಮುಗಿಯುವ ಹೊತ್ತಿಗೆ ಒಂದು ತಟ್ಟೆ ಬರುತ್ತದೆ. ಕಾಣಿಕೆ ತಟ್ಟೆಯಲ್ಲ, ಅದು ಆಗಲೇ ಬಂದು ಹೋಗಿರುತ್ತದೆ :-) ಇದರಲ್ಲಿ ಬಣ್ಣಬಣ್ಣದ ಪುಟ್ಟ ಕಾರ್ಡುಗಳಿರುತ್ತವೆ. ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳಬೇಕು. ಅದರಲ್ಲಿ ಅಚ್ಚಾಗಿರುವ ಬೈಬಲ್ ವಚನವೇ ಹೊಸ ವರ್ಷಕ್ಕೆ ದೇವರು ನಿಮಗೆ ಕೊಟ್ಟ ವಾಗ್ದಾನ. ಕ್ರೈಸ್ತರಲ್ಲದ ಗೆಳೆಯರಿಗೆ ಅರ್ಥವಾಗುವಂತೆ ಹೇಳಬೇಕೆಂದರೆ, ಹೆಚ್ಚು ಕಡಿಮೆ ಗಿಳಿಶಾಸ್ತ್ರ. ಗಿಳಿ ಒಂದಿಲ್ಲ, ಅಷ್ಟೆ.

ಕಾರ್ಡು ಹಂಚುವುದಕ್ಕೆ ನನ್ನ ತಕರಾರಿಲ್ಲ. ಅದಕ್ಕೆ ಆರಿಸುವ ವಚನಗಳನ್ನು ನೋಡಿ ಸ್ವಾಮಿ. ಬರೀ ಏಳಿಗೆ, ಹೆಚ್ಚಳ, ವಿಸ್ತಾರ. ಸಾಕು ಅನ್ನುವ ಮಾತಿರುವ ಒಂದು ಕಾರ್ಡೂ ನನ್ನ ಕೈಗೆ ಇದುವರೆಗೆ ಸಿಕ್ಕಿಲ್ಲ.

ಎಲ್ಲರ ಅಚ್ಚುಮೆಚ್ಚಿನದು ಯೆರೆಮೀಯ 29:11. ದೇವರು ನಿಮಗೆ ಒಳ್ಳೆಯ ಭವಿಷ್ಯ ಯೋಚಿಸಿದ್ದಾನೆ ಅನ್ನುವ ಮಾತು. ವೀಸಾ ಸಂದರ್ಶನಕ್ಕೆ ಹೋಗುವವರ ಜೇಬಿನಲ್ಲೂ ಇರುತ್ತದೆ. ಆದರೆ ಅದು ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಒಯ್ದವರಿಗೆ ಬರೆದ ಕಾಗದದ ಸಾಲು. ಅದರ ಹಿಂದಿನ ವಚನವನ್ನೇ ಓದಿ: ಬಿಡುಗಡೆಗೆ 70 ವರ್ಷ. ಅಂದರೆ ಕಾಗದ ಕೇಳಿಸಿಕೊಂಡ ಬಹುಪಾಲು ಜನ ಅಲ್ಲೇ ಮಣ್ಣಾಗುವವರು. ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಮಾಡಿ, ನಿಮ್ಮನ್ನು ಸೆರೆ ಹಿಡಿದ ಊರಿಗೇ ಒಳ್ಳೆಯದು ಬಯಸಿ ಅನ್ನುತ್ತಾನೆ ಪ್ರವಾದಿ. ಹತ್ತನೇ ವಚನವನ್ನೂ ಸೇರಿಸಿ ಅಚ್ಚು ಹಾಕಿಸಿದರೆ ಆ ಕಾರ್ಡನ್ನು ಎಷ್ಟು ಜನ ಫ್ರೇಮ್ ಹಾಕಿಸುತ್ತಾರೋ!

ಇನ್ನೊಂದು ಫಿಲಿಪ್ಪಿ 4:13. ಬಲಪಡಿಸುವವನಿಂದ ನಾನು ಎಲ್ಲವನ್ನೂ ಮಾಡಬಲ್ಲೆ ಎಂಬ ಅರ್ಥದ್ದು. ಪರೀಕ್ಷೆಗೆ, ಪ್ರಮೋಷನ್ನಿಗೆ, ಜಿಮ್ಮಿನ ಟೀ ಶರ್ಟಿಗೆ, ಎಲ್ಲಕ್ಕೂ ಒದಗುತ್ತದೆ. ಆದರೆ ಬರೆದ ಪೌಲ ಆಗ ಬೇಡಿ ಹಾಕಿಸಿಕೊಂಡು ಸೆರೆಯಲ್ಲಿದ್ದ. ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಇರುವ ಗುಟ್ಟನ್ನು ಕಲಿತಿದ್ದೇನೆ ಅಂತ ಹಿಂದಿನ ವಚನದಲ್ಲಿ ಹೇಳಿದ್ದಾನೆ. ಆ 'ಎಲ್ಲ' ಅಂದರೆ ಇದು. ಗೆಲ್ಲುವುದಲ್ಲ, ಇಲ್ಲದಿದ್ದಾಗಲೂ ಇರುವುದು. 'ಕಲಿತೆ' ಅನ್ನುವುದನ್ನೂ ಗಮನಿಸಿ. ಹುಟ್ಟುಗುಣವಲ್ಲ, ಪ್ರಾರ್ಥಿಸಿದ ಕೂಡಲೇ ಬಂದದ್ದೂ ಅಲ್ಲ.

ಇನ್ನೂ ಒಂದು ಸ್ವಾರಸ್ಯ. ತೃಪ್ತಿಗೆ ಅವನು ಬಳಸುವ ಗ್ರೀಕ್ ಪದ ಸ್ತೋಯಿಕ ತತ್ವಜ್ಞಾನಿಗಳಿಗೆ ಪ್ರಿಯವಾದದ್ದು. ಯಾರ ಹಂಗೂ ಬೇಡದ ಸ್ವಯಂಪೂರ್ಣತೆ ಅಂತ ಅವರಿಗೆ ಅದರ ಅರ್ಥ. ಪೌಲ ಆ ಪದವನ್ನು ಎತ್ತಿಕೊಂಡ ಬೆನ್ನಲ್ಲೇ ಫಿಲಿಪ್ಪಿಯವರು ಕಳಿಸಿದ ಸಹಾಯಕ್ಕೆ ಕೃತಜ್ಞತೆ ಹೇಳುತ್ತಾನೆ. ಆ ಮಕೆದೋನ್ಯದ ಸಭೆಗಳು ಕಡುಬಡತನದಲ್ಲಿದ್ದವು ಅಂತ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಅವನೇ ಹೇಳುತ್ತಾನೆ. ಇಲ್ಲದವರು ಕೊಟ್ಟರು, ಇಲ್ಲದವನು ತೆಗೆದುಕೊಂಡ.

2000ದಲ್ಲಿ ಬ್ರೂಸ್ ವಿಲ್ಕಿನ್ಸನ್ ಬರೆದ ಒಂದು ಪುಟ್ಟ ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ನನ್ನ ಸೀಮೆಯನ್ನು ವಿಸ್ತರಿಸು ಎಂದು ಬೇಡಿದ ಯಾಬೇಚನ ಪ್ರಾರ್ಥನೆಯ ಮೇಲೆ ಬರೆದದ್ದು. ಬೇಡಲಿ, ತಪ್ಪೇನಿಲ್ಲ. ಅದೇ ಬೈಬಲಿನಲ್ಲಿ ಜ್ಞಾನೋಕ್ತಿ 30ರಲ್ಲಿ ಆಗೂರ ಅನ್ನುವವನ ಪ್ರಾರ್ಥನೆಯೂ ಇದೆ. ಬಡತನವೂ ಬೇಡ, ಸಿರಿಯೂ ಬೇಡ, ತಕ್ಕಷ್ಟು ಅನ್ನ ಕೊಡು. ಹೊಟ್ಟೆ ತುಂಬಿದರೆ ದೇವರು ಯಾರು ಅಂದೇನು, ಇಲ್ಲದಿದ್ದರೆ ಕದ್ದೇನು. ಆಗೂರ ಎರಡಕ್ಕೂ ಹೆದರಿದ. ನಮಗೆ ಒಂದರದೇ ಭಯ.

ಇದೆಲ್ಲ ಬಡವರನ್ನು ಬಾಯಿ ಮುಚ್ಚಿಸುವ ಉಪಾಯ ಅಂತ ಕಾಮೆಂಟು ಬಂದೇ ಬರುತ್ತದೆ. ಹಾಗೆ ಬಳಸಿದವರು ಇದ್ದಾರೆ, ಒಪ್ಪುತ್ತೇನೆ. ಆದರೆ ಯಾಕೋಬನ ಪತ್ರಿಕೆಯ ಐದನೇ ಅಧ್ಯಾಯದಲ್ಲಿ ಹೊಲ ಕೊಯ್ದವರ ತಡೆಹಿಡಿದ ಕೂಲಿಯೇ ಕೂಗುತ್ತದೆ. ಕೂಲಿಯವರಿಗೆ ಸುಮ್ಮನಿರಿ ಅನ್ನುವುದಿಲ್ಲ ಅವನು, ಒಡೆಯರನ್ನು ಬಯ್ಯುತ್ತಾನೆ. ಸಂಬಳ ಸಾಕೆನ್ನಿ ಅಂತ ಸ್ನಾನಿಕನಾದ ಯೋಹಾನ ಹೇಳಿದ್ದೂ ಸಿಪಾಯಿಗಳಿಗೆ, ಹೆದರಿಸಿ ದುಡ್ಡು ಕೀಳಬಲ್ಲವರಿಗೆ. ದೇವಭಕ್ತಿಯನ್ನು ಲಾಭದ ದಾರಿ ಮಾಡಿಕೊಂಡವರನ್ನು ತಿಮೊಥೆಯನಿಗೆ ಬರೆದ ಮೊದಲ ಪತ್ರ ಝಾಡಿಸುತ್ತದೆ. ತೃಪ್ತಿಯ ಮಾತು ಬರುವುದೂ ಅಲ್ಲೇ. ಈಗ 'ಬೀಜ ಬಿತ್ತಿ, ನೂರರಷ್ಟು ಕೊಯ್ಯಿರಿ' ಅಂತ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳ ಸಂಬಳದಿಂದ ಕಾಣಿಕೆ ಎತ್ತುವ ಬೋಧಕರು ಆ ಅಧ್ಯಾಯದ ಮೇಲೆ ಯಾವಾಗ ಪ್ರಸಂಗ ಮಾಡುತ್ತಾರೆ?