ಅಲೆ ಒಬ್ಬನದಲ್ಲ

ಜಪಾನಿನ ಹೊಕುಸಾಯ್ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಆ ದೊಡ್ಡ ಅಲೆ. ಅದರ ಬಾಯಿಗೆ ಸಿಕ್ಕ ಮೂರು ದೋಣಿ, ದೂರದಲ್ಲಿ ಹಿಡಿಯಷ್ಟಾದ ಫೂಜಿ ಪರ್ವತ. 2024ರಲ್ಲಿ ಜಪಾನಿನ ಹೊಸ ಸಾವಿರ ಯೆನ್ ನೋಟಿನ ಹಿಂಬದಿಗೂ ಅದು ಏರಿತು. ಚಿತ್ರದ ಹಿರಿಮೆಯ ಬಗ್ಗೆ ನನಗೆ ಯಾರೊಡನೆಯೂ ತಕರಾರಿಲ್ಲ. ನನ್ನ ಜಗಳವೆಲ್ಲ ಅದರ ಕೆಳಗೆ ಬರೆಯುವ ಒಂದೇ ಒಂದು ಹೆಸರಿನೊಡನೆ.

ಕೆಲಸ ನಡೆಯುತ್ತಿದ್ದ ಬಗೆಯನ್ನು ನೋಡಿ. ಹೊಕುಸಾಯ್ ತೆಳು ಕಾಗದದ ಮೇಲೆ ಮಸಿಯಲ್ಲಿ ಚಿತ್ರ ಬರೆದುಕೊಡುತ್ತಿದ್ದ. ಕೆತ್ತುಗಾರ ಅದನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಗೆರೆಯಷ್ಟನ್ನೇ ಉಳಿಸಿ ಮಿಕ್ಕದ್ದನ್ನೆಲ್ಲ ತೋಡಿ ತೆಗೆಯುತ್ತಿದ್ದ. ಮೂಲಚಿತ್ರ ಆ ಕೆಲಸದಲ್ಲಿಯೇ ಹಾಳಾಗುತ್ತಿತ್ತು. ಅಂದಮೇಲೆ, ಉಗುರಿನಂತೆ ಬಾಗಿದ ಆ ನೊರೆಯಲ್ಲಿ ಹೊಕುಸಾಯ್‌ನ ಕುಂಚ ಮುಟ್ಟಿದ ಗೆರೆ ಒಂದೂ ಇಲ್ಲ. ಇರುವುದು ಕೆತ್ತಿದವನ ಗೆರೆ. ಆಮೇಲೆ ಮುದ್ರಕನ ಸರದಿ. ಬಣ್ಣಗಳಿಗೆ ಬೇರೆ ಬೇರೆ ಹಲಗೆ, ತೇವ ಮಾಡಿದ ಕಾಗದ, ಬೆನ್ನುಜ್ಜಲು ಬಿದಿರಿನ ಪೊರೆ ಸುತ್ತಿದ ಬಿಲ್ಲೆ. ಬಣ್ಣ ದಟ್ಟದಿಂದ ತೆಳುವಿಗೆ ಇಳಿಯಬೇಕಾದಲ್ಲಿ, ಒಂದೊಂದು ಹಾಳೆಗೂ ಅವನು ಹಲಗೆಯ ಮೇಲೆ ಬಣ್ಣವನ್ನು ಕೈಯಾರೆ ಹದಗೊಳಿಸಬೇಕು.

“ಅವರು ಕೂಲಿಯವರು, ಕಲ್ಪನೆ ಹೊಕುಸಾಯ್‌ನದು” ಎಂದು ಮೂಗು ಮುರಿಯುವವರುಂಟು. ಹೊಕುಸಾಯ್‌ಗೇ ಆ ಭ್ರಮೆಯಿರಲಿಲ್ಲ. ಹದಿಹರೆಯದಲ್ಲಿ ಮರ ಕೆತ್ತುವ ಕೆಲಸ ಕಲಿತವನು ಅವನು. ಮುಪ್ಪಿನಲ್ಲಿ ಪ್ರಕಾಶಕರಿಗೆ ಕಾಗದ ಬರೆದು, ಕೆತ್ತುವುದಕ್ಕೆ ಎಗಾವಾ ತೊಮೆಕಿಚಿಯೇ ಆಗಬೇಕೆಂದು ಕೇಳಿಕೊಂಡ. 1834ರಿಂದ ಹೊರಬಂದ ‘ಫೂಜಿಯ ನೂರು ನೋಟಗಳು’ ಎಂಬ ಪುಸ್ತಕದಲ್ಲಿ ಆ ಕೆತ್ತುಗಾರನ ಹೆಸರೂ ಅಚ್ಚಾಗಿದೆ. ಕೂಲಿಯವನ ಹೆಸರು ಪುಸ್ತಕದಲ್ಲಿ ಏಕೆ ಬಂತು? ವಿಮರ್ಶಕರು ಉತ್ತರ ಹೇಳಲಿ.

ಅದಕ್ಕೆ ಮೂರು ನಾಲ್ಕು ವರ್ಷ ಹಿಂದಿನ ಅಲೆಯ ಮೇಲಾದರೋ ಹೊಕುಸಾಯ್‌ನ ರುಜುವುಂಟು, ಕೆತ್ತಿದವನದಿಲ್ಲ, ಮುದ್ರಿಸಿದವನದಿಲ್ಲ. ಹೆಸರೇ ಉಳಿಯದವರಿಗೆ ಏನು ಮಾಡಲಾದೀತು ಎಂದು ಕೇಳಬಹುದು. ಹೆಸರು ಉಳಿದಿಲ್ಲವೆಂಬುದನ್ನೇ ಬರೆಯಬಹುದಲ್ಲ! “ಚಿತ್ರ: ಹೊಕುಸಾಯ್; ಕೆತ್ತನೆ, ಮುದ್ರಣ: ಹೆಸರು ತಿಳಿಯದ ಕುಶಲಿಗಳು.” ಇಷ್ಟು ಬರೆದರೆ ಹೊಕುಸಾಯ್ ಕುಗ್ಗುವುದಿಲ್ಲ. ಒಂದು ಸಿನಿಮಾ ಹಾಡಿಗೆ ಬರೆದವರಾರು, ರಾಗ ಹಾಕಿದವರಾರು, ಹಾಡಿದವರಾರು ಎಂದು ಮೂವರನ್ನೂ ವಿಚಾರಿಸುವ ನಾವು, ಈ ಅಲೆಯ ವಿಷಯದಲ್ಲಿ ಮಾತ್ರ ಒಬ್ಬನಿಗೇ ಕೈಮುಗಿದು ಮನೆಗೆ ಹೋಗುವುದು ನ್ಯಾಯವಲ್ಲ.