ಕನ್ನಡಕಕ್ಕೇ ದಾರ ಸುತ್ತುವ ಕಾಲ

ಮೊನ್ನೆ ಹರಿಹರದ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದವರು ಒಬ್ಬ ಟೈಲರು. ಕನ್ನಡಕದ ಎಡಗಡೆ ಕಡ್ಡಿಗೆ ಹೊಲಿಗೆ ದಾರ ಸುತ್ತಿದ್ದರು. ‘ಎಷ್ಟು ವರ್ಷದ್ದು ಯಜಮಾನ್ರೇ?’ ಎಂದು ಕೇಳಿದೆ. ‘ವರ್ಷ ಎಲ್ಲಿ ಬಂತು ಸ್ವಾಮಿ, ಏಳು ತಿಂಗಳಾತು. ಎರಡು ಸಾವಿರ ಕೊಟ್ಟೀನಿ’ ಎಂದರು.

ಸೂಜಿಗೆ ದಾರ ಪೋಣಿಸಲು ಕೊಂಡ ಕನ್ನಡಕಕ್ಕೇ ದಾರ ಸುತ್ತುವ ಕಾಲ ಬಂದಿದೆ!

ಕಡ್ಡಿ ಮುರಿದ ದಿನ ಅವರು ಮಿಷನ್ನಿಗೆ ಬಟ್ಟೆ ಮುಚ್ಚಿ ಮನೆಗೆ ಹೋದರಂತೆ. ಎರಡು ದಿನದ ಕೂಲಿ ಹೋಯಿತು. ಅಂಗಡಿಯಲ್ಲಿ ಸಿಕ್ಕಿದ್ದು ಒಂದೇ ಉತ್ತರ: ‘ಇದು ರಿಪೇರಿ ಆಗಲ್ಲ, ಹೊಸದು ತಗೊಳ್ಳಿ.’ ಈ ಮಾತನ್ನು ನಾನೂ ಕೇಳಿದ್ದೇನೆ, ನೀವೂ ಕೇಳಿರುತ್ತೀರಿ.

ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ತಂದೆ ಹದಿನೆಂಟು ವರ್ಷ ಒಂದೇ ಫ್ರೇಮಿನಲ್ಲಿ ಕಳೆದರು. ನಂಬರು ಬದಲಾದಾಗ ಗಾಜು ಮಾತ್ರ ಬದಲಾಯಿತು. ಅದೇನು ಮಂತ್ರವಲ್ಲ. ದಪ್ಪ ಹಾಳೆಯಿಂದ ಕೊರೆದ ಫ್ರೇಮು, ರಿವೆಟ್ ಹೊಡೆದು ಕೂರಿಸಿದ ಲೋಹದ ಕೀಲು. ಕೀಲು ಸಡಿಲವಾದರೆ ಸ್ಕ್ರೂ ಬಿಗಿ ಮಾಡಬಹುದಿತ್ತು, ಮುರಿದರೆ ಬೇರೆ ಹಾಕಬಹುದಿತ್ತು. ಈಗಿನ ಅಗ್ಗದ ಫ್ರೇಮುಗಳನ್ನು ಕರಗಿಸಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ತೆಗೆಯುತ್ತಾರೆ. ಎಷ್ಟೋ ಫ್ರೇಮುಗಳಲ್ಲಿ ಕೀಲೂ ಅದೇ ಪ್ಲಾಸ್ಟಿಕ್. ಕೀಲು ಮುರಿಯಿತೋ, ಕನ್ನಡಕದ ಕಥೆ ಮುಗಿಯಿತು.

ಹಳೆಯದೆಲ್ಲ ಚಿನ್ನ ಎನ್ನುವವನು ನಾನಲ್ಲ. ಹಿಂದಿನ ಗಾಜು ಭಾರ, ಒಡೆದರೆ ಕಣ್ಣಿಗೇ ಅಪಾಯ. ಈಗಿನ ಪ್ಲಾಸ್ಟಿಕ್ ಲೆನ್ಸು ಹಗುರ, ಆದರೆ ಬೇಗ ಗೀರು ಬೀಳುತ್ತದೆ. ನಮ್ಮ ತಪ್ಪೂ ಇದೆ. ಒಂದೇ ಕೈಯಲ್ಲಿ ಕಿತ್ತರೆ ಕಡ್ಡಿ ಸೊಟ್ಟಗಾಗುತ್ತದೆ. ಒಣ ಧೂಳನ್ನು ಪಂಚೆ ಚುಂಗಿನಲ್ಲಿ ಒರೆಸಿದರೆ ಲೆನ್ಸು ಕೆಡುತ್ತದೆ. ಬಿಸಿಲಿಗೆ ನಿಂತ ಕಾರಿನೊಳಗೆ ಬಿಟ್ಟರೆ ಕೋಟಿಂಗ್ ಬಿರುಕು ಬಿಡುತ್ತದೆ. ಆದರೆ ಇದನ್ನು ಮಾರುವಾಗ ಹೇಳಬೇಕಾದವರು ಯಾರು?

ಇನ್ನು ಬಿಲ್ಲಿನ ವಿಷಯ. ನಂಬರಿನ ಕನ್ನಡಕದ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಬಿಲ್ಲೇ ಕೊಡದಿದ್ದರೆ ಇಳಿದ ತೆರಿಗೆ ಯಾರ ಜೇಬು ಸೇರಿತೆಂದು ತಿಳಿಯುವುದು ಹೇಗೆ?

‘ಮಾರಿದ ಮಾಲು ವಾಪಸಿಲ್ಲ’ ಎಂಬ ಬೋರ್ಡಿಗೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲವಾದರೆ 30 ದಿನದೊಳಗೆ ವಾಪಸು ತಂದಾಗ ನಿರಾಕರಿಸುವುದೂ ಅಷ್ಟೇ. ಕೇಳದಿದ್ದರೆ 1915ಕ್ಕೆ ಫೋನು ಮಾಡಿ.

ಕನ್ನಡಕದ ಅಂಗಡಿಯವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಫ್ರೇಮಿಗೆ ಎಷ್ಟು ತಿಂಗಳ ಗ್ಯಾರಂಟಿ ಎಂದು ಬಿಲ್ಲಿನಲ್ಲಿ ಬರೆಯಿರಿ. ಕೀಲು ಬದಲಾಯಿಸಲು ಬರುವ ಫ್ರೇಮುಗಳನ್ನೂ ನಾಲ್ಕು ಇಟ್ಟುಕೊಳ್ಳಿ. ರಿಪೇರಿಯ ಹುಡುಗನೊಬ್ಬನನ್ನು ಕೂರಿಸಿ. ಕೊಳ್ಳುವವರೇ, ನೀವು ಬಣ್ಣ ನೋಡುವ ಮೊದಲು ಕೀಲು ನೋಡಿ.

ಚಪ್ಪಲಿ ಕಿತ್ತರೆ ಬರಿಗಾಲಲ್ಲಿ ಮನೆ ಸೇರಬಹುದು. ಕನ್ನಡಕ ಮುರಿದರೆ ಬಸ್ಸಿನ ಬೋರ್ಡೇ ಕಾಣುವುದಿಲ್ಲ ಸ್ವಾಮಿ!